ಇಕೋಡಿಸೈನ್ ಸರ್ಟಿಫಿಕೇಟ್ ಮಾರೋರ ಹತ್ತಿರ ದಯವಿಟ್ಟು ಹೋಗಬೇಡಿ

ಸಣ್ಣ ಕೈಗಾರಿಕೆಗಳ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಇವತ್ತು ಬೆಳಿಗ್ಗೆ ಮತ್ತೆ ಅದೇ ಜಾಹೀರಾತು. "ಯುರೋಪಿಗೆ ಮೋಟಾರ್ ಕಳಿಸ್ತೀರಾ? ಇಕೋಡಿಸೈನ್ ಸರ್ಟಿಫಿಕೇಟ್ ಒಂದೇ ವಾರದಲ್ಲಿ. ಸ್ಯಾಂಪಲ್ ಬೇಡ, ಟೆಸ್ಟಿಂಗ್ ಬೇಡ." ಕೆಳಗೆ ಸಾಲಾಗಿ "ರೇಟ್ ಎಷ್ಟು ಸಾರ್?" ಅಂತ ಕೇಳಿದ್ದಾರೆ. ಮೈ ಉರಿದುಹೋಯ್ತು. ಮೋಟಾರ್ ಟೆಸ್ಟಿಂಗ್ ವಿಷಯ ಬಂದರೆ ನಾನು ಸುಮ್ಮನಿರೋನಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಉದ್ದ ಆಯ್ತು ಅನ್ನಿಸಿದರೂ ಓದಿ.

ಸಾಮಾನ್ಯ ತ್ರೀ ಫೇಸ್ ಇಂಡಕ್ಷನ್ ಮೋಟಾರಿಗೆ ಯುರೋಪಿನ ಇಕೋಡಿಸೈನ್ ನಿಯಮದಲ್ಲಿ (ಅಲ್ಲಿ ಮಾರುವ ಮೋಟಾರ್ ಕನಿಷ್ಠ ಇಷ್ಟು ದಕ್ಷತೆ ಮುಟ್ಟಲೇಬೇಕು ಅನ್ನುವ ನಿಯಮ) ಹೊರಗಿನವರು ಯಾರೋ ಸರ್ಟಿಫಿಕೇಟ್ ಕೊಡಬೇಕು ಅನ್ನುವ ಏರ್ಪಾಡೇ ಇಲ್ಲ. ತಯಾರಿಸಿದವನೇ ದಕ್ಷತೆ ಅಳೆದು, ಟೆಕ್ನಿಕಲ್ ಫೈಲ್ ಮಾಡಿ, ಡಿಕ್ಲರೇಷನ್‌ಗೆ ಸಹಿ ಹಾಕಿ, ನಿಯಮ ಪಾಲಿಸಿದೆ ಅಂತ ತೋರಿಸುವ ಸಿಇ ಗುರುತು ಹಾಕಬೇಕು. ಸಹಿ ನಿಮ್ಮದು, ಹೊಣೆಯೂ ನಿಮ್ಮದು. ಹಾಗಿದ್ದ ಮೇಲೆ ಆ ಏಜೆಂಟ್ ಮಾರ್ತಾ ಇರೋದು ಏನನ್ನ? ಬಣ್ಣದ ಸೀಲ್ ಒತ್ತಿದ ಒಂದು ಹಾಳೆಯನ್ನ.

ಇದೇನೂ ನಿನ್ನೆ ಮೊನ್ನೆ ಬಂದ ನಿಯಮವಲ್ಲ. ಶಕ್ತಿ ಬಳಸುವ ಸರಕುಗಳ ಮೇಲಿನ ಮೊದಲ ನಿರ್ದೇಶನ 2005ರದ್ದು. 2009ರಲ್ಲಿ ಅದರ ವ್ಯಾಪ್ತಿ ಹಿಗ್ಗಿತು, ಅದೇ ವರ್ಷ ಮೋಟಾರಿಗೆ ಅಂತಲೇ ಪ್ರತ್ಯೇಕ ನಿಯಮ ಬಂತು. ಐಇ ಅನ್ನೋದು ಮೋಟಾರಿನ ದಕ್ಷತೆಯ ದರ್ಜೆ, ಅಂಕಿ ಏರಿದಷ್ಟೂ ದಕ್ಷತೆ ಹೆಚ್ಚು. 2011ರ ಜೂನ್‌ನಿಂದ ಐಇ2, ಆಮೇಲೆ 2015 ಮತ್ತು 2017ರಲ್ಲಿ ಹಂತಹಂತವಾಗಿ ಐಇ3, ಅದಿಲ್ಲದಿದ್ದರೆ ಡ್ರೈವ್ (ವೇಗ ಹೊಂದಿಸುವ ಉಪಕರಣ) ಜೊತೆಗಿನ ಐಇ2. ಈಗಿನ ಮೋಟಾರ್ ನಿಯಮ 2019/1781ರ ಪ್ರಕಾರ 2021ರ ಜುಲೈನಿಂದ 0.75ರಿಂದ 1000 ಕಿಲೋವ್ಯಾಟ್‌ವರೆಗೆ ಐಇ3 ಬೇಕೇ ಬೇಕು, ಡ್ರೈವ್ ನೆಪ ನಡೆಯೋದಿಲ್ಲ. 0.12ರಿಂದ 0.75ರ ಒಳಗಿನ ಸಣ್ಣವಕ್ಕೆ ಐಇ2. 2023ರ ಜುಲೈನಿಂದ 75ರಿಂದ 200 ಕಿಲೋವ್ಯಾಟ್‌ನ 2, 4, 6 ಪೋಲ್ (ಕಾಂತಧ್ರುವ) ಮೋಟಾರುಗಳಿಗೆ ಐಇ4. ನಮ್ಮಲ್ಲಿ ಐಇ2 ಕಡ್ಡಾಯ ಮಾಡಿದ ಗುಣಮಟ್ಟ ನಿಯಂತ್ರಣ ಆದೇಶವೇ 2017ರದ್ದು. ಇಲ್ಲಿ ಪಾಸಾದ ಮೋಟಾರ್ ಅಲ್ಲೂ ಪಾಸಾಗುತ್ತೆ ಅಂದುಕೊಳ್ಳೋ ಹಾಗಿಲ್ಲ.

ಅಂತರ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 7.5 ಕಿಲೋವ್ಯಾಟ್, 4 ಪೋಲ್, 50 ಹರ್ಟ್ಸ್. ಐಇ2ಕ್ಕೆ ದಕ್ಷತೆ 88.7%, ಐಇ3ಕ್ಕೆ 90.4%, ಐಇ4ಕ್ಕೆ 92.6%. "ಎರಡು ಪರ್ಸೆಂಟ್ ತಾನೆ" ಅಂತಾರೆ. ದಕ್ಷತೆ ಬಿಡಿ, ನಷ್ಟವನ್ನು ನೋಡಿ. ಐಇ2ರಲ್ಲಿ ಸುಮಾರು 955 ವ್ಯಾಟ್ ಬಿಸಿಯಾಗಿ ಹೋಗುತ್ತೆ. ಐಇ3ರಲ್ಲಿ ಅದು 796ಕ್ಕೆ ಇಳಿಯಬೇಕು, ಐಇ4ಕ್ಕೆ 600ರ ಆಸುಪಾಸು. ಅಂದರೆ ಐಇ2ರಿಂದ ಐಇ4ಕ್ಕೆ ಹೋಗೋಕೆ ಒಟ್ಟು ನಷ್ಟದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಡಿಮೆ ಮಾಡಬೇಕು. ಇದನ್ನು ಯಾವ ಹಾಳೆ ಮಾಡಿಕೊಡುತ್ತೆ ಹೇಳಿ?

ಇದು ನಡೆಯೋದು ಶಾಪ್ ಫ್ಲೋರ್‌ನಲ್ಲಿ. ಮೊದಲು ಸ್ಟ್ಯಾಂಪಿಂಗ್ ಸ್ಟೀಲ್, ಅಂದರೆ ಮೋಟಾರಿನ ಕಬ್ಬಿಣದ ತಿರುಳಿಗೆ ಕತ್ತರಿಸುವ ಶೀಟ್. ಎಂ470-50ಎ ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಶೀಟ್, 1.5 ಟೆಸ್ಲಾದಲ್ಲಿ ಕೆಜಿಗೆ ಹೆಚ್ಚೆಂದರೆ 4.7 ವ್ಯಾಟ್ ನಷ್ಟ. ಎಂ800 ಅಂದರೆ 8 ವ್ಯಾಟ್. ಗ್ರೇಡಿನ ಹೆಸರಲ್ಲೇ ಎಲ್ಲ ಬರೆದಿದೆ. ಒಳ್ಳೇ ಸ್ಟೀಲ್ ತಂದ ಮೇಲೂ ಪಂಚಿಂಗ್ ಡೈ ಮೊಂಡಾಗಿದ್ದರೆ ಅಂಚಿನಲ್ಲಿ ಬರ್ (ಚೂಪಾದ ಸಿಬಿರು) ಏಳುತ್ತೆ. ಆ ಬರ್ ಪಕ್ಕದ ಲ್ಯಾಮಿನೇಷನ್ನಿಗೆ (ಜೋಡಿಸಿದ ಶೀಟಿಗೆ) ತಾಗಿ ಶಾರ್ಟ್ ಮಾಡಿದರೆ ಕೊಟ್ಟ ದುಡ್ಡೆಲ್ಲ ಬಿಸಿಯಾಗಿ ಹೋಯ್ತು. ಬರ್ 0.05 ಮಿಲಿಮೀಟರ್ ದಾಟುವ ಮೊದಲೇ ಡೈ ಗ್ರೈಂಡಿಂಗ್‌ಗೆ ಹೋಗಬೇಕು. "ಈ ಲಾಟ್ ಮುಗೀಲಿ" ಅಂತ ಎಳೆಯೋದೇ ನಮ್ಮ ದೊಡ್ಡ ರೋಗ.

ಆಮೇಲೆ ರೋಟರ್, ಅಂದರೆ ಒಳಗೆ ತಿರುಗುವ ಭಾಗ. ಅಲ್ಯೂಮಿನಿಯಂ ಡೈ ಕಾಸ್ಟಿಂಗ್‌ನಲ್ಲಿ ಬಾರ್ ಒಳಗೆ ಗಾಳಿ ಸೇರಿಕೊಂಡರೆ ರೆಸಿಸ್ಟೆನ್ಸ್ ಏರುತ್ತೆ, ಸ್ಲಿಪ್ (ಕಾಂತಕ್ಷೇತ್ರದ ವೇಗಕ್ಕಿಂತ ರೋಟರ್ ಹಿಂದೆ ಬೀಳುವ ಪ್ರಮಾಣ) ಏರುತ್ತೆ, ನಷ್ಟ ಏರುತ್ತೆ. ಹೊರಗಿಂದ ನೋಡಿದರೆ ಏನೂ ಕಾಣಿಸೋದಿಲ್ಲ. ರೋಟರಿನ ಹೊರಮೈ ಟರ್ನಿಂಗ್ ಮಾಡುವಾಗ ಟೂಲ್ ಮೊಂಡಾಗಿದ್ದರೆ ಲ್ಯಾಮಿನೇಷನ್ ಅಂಚುಗಳು ಒಂದರ ಮೇಲೊಂದು ಸವರಿದ ಹಾಗಾಗಿ ಸ್ಟ್ರೇ ಲಾಸ್ (ಅಲ್ಲಲ್ಲಿ ಸೋರುವ ಚಿಲ್ಲರೆ ನಷ್ಟ) ಮೇಲೇರುತ್ತೆ. ಸ್ಟ್ಯಾಕ್ (ಶೀಟುಗಳ ಜೋಡಣೆ) ಉದ್ದ ಮಾಡಿ, ಸ್ಲಾಟಿಗೆ ಇನ್ನಷ್ಟು ತಾಮ್ರ ತುಂಬಿ, ಫ್ಯಾನ್ ಚಿಕ್ಕದು ಮಾಡಿ ಡಿಸೈನ್‌ನಲ್ಲಿ ಗಳಿಸಿದ್ದನ್ನೆಲ್ಲ ಒಂದು ಲೇತ್ ಟೂಲ್ ಕಳೆದುಬಿಡುತ್ತೆ.

ನಮ್ಮವರು ಪದೇಪದೇ ಎಡವುವ ಇನ್ನೊಂದು ಜಾಗ ವೋಲ್ಟೇಜ್. ಇಲ್ಲಿನ ಡಿಸೈನ್ 415 ವೋಲ್ಟಿಗೆ, ಅಲ್ಲಿನ ಲೈನ್ 400. ಅದೇ ಮೋಟಾರಿಗೆ 400ರ ನೇಮ್ ಪ್ಲೇಟ್ ಹೊಡೆದು ಕಳಿಸಿದರೆ ಅದೇ ಲೋಡಿನಲ್ಲಿ ಸ್ಲಿಪ್ ಏಳೆಂಟು ಪರ್ಸೆಂಟ್ ಜಾಸ್ತಿ ಆಗುತ್ತೆ, ಅದರ ಜೊತೆಗೇ ರೋಟರ್ ನಷ್ಟವೂ ಏರುತ್ತೆ, ಕರೆಂಟ್ ಏರಿ ತಾಮ್ರದ ನಷ್ಟವೂ ಏರುತ್ತೆ. ಕಬ್ಬಿಣದ ನಷ್ಟ ಒಂದಿಷ್ಟು ಇಳಿಯುತ್ತೆ, ನಿಜ. ಆದರೆ ಅಂಚಿನಲ್ಲಿ ಪಾಸಾದ ಮೋಟಾರನ್ನು ಕಾಪಾಡುವಷ್ಟು ಅಲ್ಲ. ಟರ್ನ್ಸ್ ಬದಲಿಸಿ ಹೊಸದಾಗಿ ವೈಂಡಿಂಗ್ ಮಾಡಿ, 400ರಲ್ಲೇ ಅಳೆಯಿರಿ.

ಇನ್ನು ಅಳೆಯೋದು ಅಂದರೆ ಏನು? ಮೋಟಾರ್ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60034-2-1ರಲ್ಲಿ ಹೇಳಿದ ಹಾಗೆ ಫುಲ್ ಲೋಡಿನಲ್ಲಿ ಬಿಸಿ ಸ್ಥಿರವಾಗುವ ತನಕ ಓಡಿಸಿ, ಕೂಡಲೇ ಸುಮಾರು 125%ರಿಂದ 25%ವರೆಗೆ ಆರು ಲೋಡುಗಳಲ್ಲಿ ರೀಡಿಂಗ್ ತೆಗೆದು, ನೋ ಲೋಡ್ ಟೆಸ್ಟ್ ಮಾಡಿ, ನಷ್ಟಗಳನ್ನು ಒಂದೊಂದಾಗಿ ಬಿಡಿಸಬೇಕು. ಇಲ್ಲಿ ಜೀವಾಳ ಶಾಫ್ಟಿನ ತಿರುಚು ಬಲ ಅಳೆಯುವ ಟಾರ್ಕ್ ಟ್ರಾನ್ಸ್‌ಡ್ಯೂಸರ್. 7.5 ಕಿಲೋವ್ಯಾಟ್ ಮೋಟಾರಿನ ಟಾರ್ಕ್ ಹತ್ತಿರಹತ್ತಿರ 49 ನ್ಯೂಟನ್ ಮೀಟರ್. "ಎಲ್ಲ ಸೈಜಿಗೂ ಆಗುತ್ತೆ" ಅಂತ 200ರ ಟ್ರಾನ್ಸ್‌ಡ್ಯೂಸರ್ ಹಾಕಿದರೆ, ಫುಲ್ ಸ್ಕೇಲಿನ 0.2% ತಪ್ಪು ಅಂದರೂ 0.4 ನ್ಯೂಟನ್ ಮೀಟರ್. 1450 ಆರ್‌ಪಿಎಂನಲ್ಲಿ ಅದು ಸುಮಾರು 60 ವ್ಯಾಟ್! ಐಇ2ಗೂ ಐಇ3ಗೂ ಇರುವ ಅಂತರವೇ 159 ವ್ಯಾಟ್. 100ರ ಟ್ರಾನ್ಸ್‌ಡ್ಯೂಸರ್ ಹಾಕಿದರೆ ತಪ್ಪು ಅರ್ಧಕ್ಕೆ ಇಳಿಯುತ್ತೆ, 125% ಲೋಡೂ ತಡೆಯುತ್ತೆ. ಒಂದು ವಾರದಲ್ಲಿ ಸ್ಯಾಂಪಲ್ಲೇ ನೋಡದೆ ಸರ್ಟಿಫಿಕೇಟ್ ಕೊಡುವವನು ಈ 60 ವ್ಯಾಟನ್ನು ಎಲ್ಲಿ ನೋಡಿದ?

"ಇದೆಲ್ಲ ನಮ್ಮನ್ನು ಹೊರಗಿಡೋಕೆ ಯುರೋಪಿನವರು ಕಟ್ಟಿದ ಗೋಡೆ" ಅನ್ನೋ ಮಾತು ಕಾಮೆಂಟಿನಲ್ಲಿ ಬಂದೇ ಬರುತ್ತೆ. ಸಣ್ಣವರಿಗೆ ಖರ್ಚು ಭಾರ ಅನ್ನೋದು ನಿಜ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಟೆಸ್ಟ್ ಬೆಂಚ್, ಒಳ್ಳೇ ಸ್ಟೀಲ್, ಹೊಸ ಡೈ, ಯಾವುದೂ ಅಗ್ಗವಲ್ಲ. ಆದರೆ ಅದೇ ನಿಯಮ ಜರ್ಮನಿಯ ತಯಾರಕನಿಗೂ ಇದೆ, ಇಟಲಿಯವನಿಗೂ ಇದೆ. ದಿನಾಂಕಗಳನ್ನು ವರ್ಷಗಳ ಮೊದಲೇ ಹೇಳಿದ್ದರು. ಸ್ವಂತ ಬೆಂಚ್ ಇಲ್ಲದವರು ವಡೋದರದ ಇಆರ್‌ಡಿಎಯಂಥ ಲ್ಯಾಬಿಗೆ ಸ್ಯಾಂಪಲ್ ಕಳಿಸಬಹುದು. ಪ್ರತಿ ಮಾಡೆಲ್ಲನ್ನೂ ಕಳಿಸಬೇಕಾಗಿಲ್ಲ, ಒಂದೇ ಕುಟುಂಬದ ಮೋಟಾರುಗಳಿಗೆ ಅಳೆದದ್ದನ್ನು ಆಧರಿಸಿ ಲೆಕ್ಕ ಹಾಕೋಕೆ ಅವಕಾಶ ಇದೆ, ಆ ಲೆಕ್ಕ ಫೈಲಿನಲ್ಲಿ ಇರಬೇಕು ಅಷ್ಟೆ. ಏಜೆಂಟನಿಗೆ ಕೊಡುವ ದುಡ್ಡನ್ನು ಅಲ್ಲಿಗೆ ಕೊಡಿ ಅಂತ ನಾನು ಅಂಗಲಾಚಿ ಕೇಳ್ತಿದ್ದೇನೆ.

ಮೆಷಿನ್ ಟೂಲ್ ಮಾಡುವವರೂ ಕೇಳಿಸಿಕೊಳ್ಳಿ. ನಿಮ್ಮ ಮೆಷಿನ್ ಒಳಗೆ ಕೂತ ಕೂಲೆಂಟ್ ಪಂಪಿನ ಮೋಟಾರ್, ಹೈಡ್ರಾಲಿಕ್ ಪವರ್ ಪ್ಯಾಕಿನ ಮೋಟಾರ್, ಬಿಚ್ಚಿ ಪ್ರತ್ಯೇಕವಾಗಿ ಅಳೆಯೋಕೆ ಬರುವಂಥದ್ದಾದರೆ ಅದಕ್ಕೂ ಇದೇ ನಿಯಮ. ಪೂರ್ತಿ ನೀರಲ್ಲಿ ಮುಳುಗಿ ಓಡುವ ಮೋಟಾರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಆದರೆ ಶುದ್ಧ ನೀರಿನ 4 ಮತ್ತು 6 ಇಂಚಿನ ಮಲ್ಟಿಸ್ಟೇಜ್ ಸಬ್‌ಮರ್ಸಿಬಲ್ ಪಂಪಿಗೆ 2012ರ ಬೇರೆ ನಿಯಮ ಇದೆ, ಅಲ್ಲಿ ಪಂಪಿನ ಹೈಡ್ರಾಲಿಕ್ ದಕ್ಷತೆಯನ್ನೇ ಅಳೀತಾರೆ.

ಮಾಲು ಅಲ್ಲಿಗೆ ಮುಟ್ಟಿದ ಮೇಲೆ ಏನಾಗುತ್ತೆ? ಮಾರುಕಟ್ಟೆ ತಪಾಸಣೆಯವರು ಅಂಗಡಿಯಿಂದ ಒಂದು ಮೋಟಾರ್ ಎತ್ತಿಕೊಂಡು ಅಳೀತಾರೆ. ಫೇಲಾದರೆ ಇನ್ನೂ ಮೂರು, ಆ ಮೂರರ ಸರಾಸರಿ. ಅದೂ ಫೇಲಾದರೆ ಇಡೀ ಮಾಡೆಲ್ ಹೋಯ್ತು. ವರ್ಷಕ್ಕೆ ಐದಕ್ಕಿಂತ ಕಡಿಮೆ ಮಾಡುವ ಮಾಡೆಲ್ ಆದರೆ ಆ ಮೂರರ ಅವಕಾಶವೂ ಇಲ್ಲ. ಅವರು ಬಳಸುವ ಟಾಲರೆನ್ಸ್ ಅವರ ತಪಾಸಣೆಗೆ ಮಾತ್ರ. ನೀವು ಅದನ್ನು ಸೇರಿಸಿಕೊಂಡು ಐಇ3 ಅಂತ ಬರೆಯೋ ಹಾಗಿಲ್ಲ. ಮೊದಲು ಸಿಕ್ಕಿಬೀಳೋದು ಅಲ್ಲಿನ ಇಂಪೋರ್ಟರ್. ಫೈಲ್ ಕೊಡಿ ಅಂತ ಅವನು ಮೇಲ್ ಹಾಕಿದಾಗ ನಿಮ್ಮ ಹತ್ತಿರ ಏಜೆಂಟನ ಹಾಳೆ ಮಾತ್ರ ಇದ್ದರೆ ಆ ಗಿರಾಕಿ ಮತ್ತೆ ನಿಮ್ಮ ಕಡೆ ತಿರುಗಿ ನೋಡೋದಿಲ್ಲ.

ನಿಜ ಹೇಳಬೇಕಂದರೆ ಏಜೆಂಟನಿಗಿಂತ ನನಗೆ ಹೆಚ್ಚು ಸಂಕಟ ಆಗೋದು ಇನ್ನೊಂದು ವಿಷಯಕ್ಕೆ. ಪ್ರಾಮಾಣಿಕವಾಗಿ ಸ್ಯಾಂಪಲ್ ಮಾಡಿ, ಲ್ಯಾಬಿನಲ್ಲಿ ಪಾಸು ಮಾಡಿಸಿ, ಆರು ತಿಂಗಳ ಮೇಲೆ ಪರ್ಚೇಸ್‌ನವರು ಕೆಜಿಗೆ ನಾಲ್ಕು ಕಾಸು ಉಳಿಯುತ್ತೆ ಅಂತ ಬೇರೆ ಗ್ರೇಡಿನ ಸ್ಟೀಲ್ ತರ್ತಾರೆ. ವೈಂಡಿಂಗ್‌ನವರು ವೈರ್ ಗೇಜ್ ಒಂದು ಸೈಜ್ ಇಳಿಸ್ತಾರೆ. ಕೊನೆ ಮೋಟಾರ್ ತಯಾರಾಗಿ ಹತ್ತು ವರ್ಷದ ತನಕ ಇಟ್ಟುಕೊಳ್ಳಬೇಕಾದ ಆ ಫೈಲ್ ಈಗ ಯಾವ ಮೋಟಾರಿನದ್ದು? ಸ್ಟೀಲ್ ಗ್ರೇಡ್, ವೈರ್ ಗೇಜ್, ಟರ್ನ್ಸ್, ಸ್ಟ್ಯಾಕ್ ಉದ್ದ, ಈ ನಾಲ್ಕರಲ್ಲಿ ಒಂದು ಬದಲಾದರೂ ಟೆಸ್ಟ್ ಬೆಂಚಿನವರ ಸಹಿ ಇಲ್ಲದೆ ಡಿಸ್ಪ್ಯಾಚ್ ಆಗಬಾರದು ಅಂತ ಫ್ಯಾಕ್ಟರಿಯಲ್ಲಿ ಒಂದು ನಿಯಮ ಮಾಡಿ. ಡೈ ಕಾಸ್ಟ್ ಆದ ಪ್ರತಿ ರೋಟರನ್ನೂ ತಕ್ಕಡಿಗೆ ಹಾಕಿ. ಒಂದೇ ಸ್ಟ್ಯಾಕಿನ ರೋಟರುಗಳಲ್ಲಿ ಯಾವುದು ಉಳಿದವಕ್ಕಿಂತ ಹಗುರ ಬಂತೋ ಅದರೊಳಗೆ ಗಾಳಿ ಕೂತಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಅಲ್ಲೇ ಪಕ್ಕಕ್ಕಿಟ್ಟು ಮತ್ತೆ ಕರಗಿಸೋಕೆ ಕಳಿಸಿ.