ಹಾಲ್‌ಗೆ ಬಂದ ಮೆಡಿಟರೇನಿಯನ್

ಹಾಲ್‌ಗೆ ಮೆಡಿಟರೇನಿಯನ್ ಶೈಲಿ ಮಾಡಿಸೋಣ ಅಂತ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಸಾಮಾನಿನ ಪಟ್ಟಿ ತಾನಾಗಿ ಬೆಳೆಯುತ್ತದೆ. ಬಿಳಿ ಗೋಡೆ, ನೀಲಿ ದಿಂಬು, ಒಂದು ಕಮಾನು, ಕಬ್ಬಿಣದ ದೀಪ, ಮೂಲೆಯಲ್ಲಿ ದೊಡ್ಡ ಮಣ್ಣಿನ ಹೂಜಿ, ಅದರ ಪಕ್ಕ ಕುಂಡದಲ್ಲಿ ಆಲಿವ್ ಗಿಡ. ಸಮುದ್ರದ ಹೆಸರಿದೆಯಲ್ಲ, ಅದಕ್ಕೇ ಯಾರೋ ಒಬ್ಬರು ಶಂಖ, ಹಗ್ಗ, ಹಡಗಿನ ಚಕ್ರವನ್ನೂ ಸೇರಿಸುತ್ತಾರೆ. ದಿನವಿಡೀ ದೋಣಿಯಲ್ಲೇ ಇದ್ದು ಸುಸ್ತಾಗಿ ಬಂದ ಮೀನುಗಾರನಿಗೆ ಮನೆಯ ಗೋಡೆಯ ಮೇಲೂ ಲಂಗರು ನೋಡುವ ಆಸೆ ಇರುತ್ತದೆಯೇ? ನನಗಂತೂ ಅನುಮಾನ.

ಮೊದಲ ತೊಡಕು, ಯಾವ ಮೆಡಿಟರೇನಿಯನ್ ಅನ್ನೋದು. ಆ ಸಮುದ್ರದ ಸುತ್ತ ಇಪ್ಪತ್ತಕ್ಕೂ ಜಾಸ್ತಿ ದೇಶಗಳಿವೆ. ಗ್ರೀಸಿನ ದ್ವೀಪದ ಹಳೇ ಮನೆಯೊಳಗೆ ಹೋದರೆ ಸುಣ್ಣ ಬಿಟ್ಟು ಹೆಚ್ಚೇನೂ ಇಲ್ಲ. ಮೊರಾಕೊದ ಫೆಜ್ ನಗರದ ಶ್ರೀಮಂತರ ಹಳೇ ಮನೆಗೆ ಹೋದರೆ ನೆಲ, ಕಂಬ, ಗೋಡೆ ಎಲ್ಲೆಲ್ಲೂ ಚಿತ್ತಾರ, ಕಣ್ಣಿಗೆ ಬಿಡುವೇ ಇಲ್ಲ. ಇಟಲಿಯ ಟಸ್ಕನಿಯಲ್ಲಿ ಕಾವಿ, ಹಳದಿ ಮಣ್ಣಿನ ಬಣ್ಣ, ದಪ್ಪ ತೊಲೆ. ಇವು ಮೂರನ್ನೂ ಒಂದೇ ಕೋಣೆಗೆ ತುಂಬಿದರೆ ಅದು ವಿಮಾನ ನಿಲ್ದಾಣದ ಉಡುಗೊರೆ ಅಂಗಡಿಯ ಹಾಗೆ ಕಾಣುತ್ತದೆ. ಒಂದು ದೇಶ ಆರಿಸಿಕೊಳ್ಳಿ, ಸಾಕು. ಆಗದಿದ್ದರೆ ಒಂದು ದ್ವೀಪ.

ಇದಕ್ಕಿಂತ ಮಜಾ ಅನ್ನಿಸುವ ಸಂಗತಿ ಬೇರೆ ಇದೆ. ಆ ಕಡೆಯ ಹಳೇ ಮನೆಗಳಲ್ಲಿ ನಾವು ಹಾಲ್ ಅನ್ನೋ ಕೋಣೆಗೆ ಅಂಥ ಮರ್ಯಾದೆಯೇ ಇರಲಿಲ್ಲ. ಜನ ಕೂರುತ್ತಿದ್ದದ್ದು ಹೊರಗೆ. ಬೀದಿಯ ಮೆಟ್ಟಿಲ ಮೇಲೆ, ಬಳ್ಳಿ ಹಬ್ಬಿಸಿದ ಚಪ್ಪರದಡಿ, ಇಲ್ಲವೇ ಮನೆಯ ನಡುವಿನ ಅಂಗಳದಲ್ಲಿ. ಸ್ಪೇನಿನ ಕಾರ್ಡೊಬಾದಲ್ಲಿ ಈ ಅಂಗಳಗಳದ್ದೇ ಒಂದು ಹಬ್ಬ ನಡೆಯುತ್ತದೆ. ಮೇ ತಿಂಗಳಲ್ಲಿ ಮನೆಯವರು ಬಾಗಿಲು ತೆರೆದು, ಗೋಡೆ ತುಂಬ ಹೂಕುಂಡ ನೇತುಹಾಕಿದ ಅಂಗಳವನ್ನು ಬಂದವರಿಗೆಲ್ಲ ತೋರಿಸುತ್ತಾರೆ. 2012ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ಎಲ್ಲರೂ ನೋಡಲು ಬರುವುದು ಅಂಗಳವನ್ನು. ಅದರ ಹಿಂದಿನ ಕೋಣೆಗಳ ಕೆಲಸ ಒಂದೇ, ಬಿಸಿಲನ್ನು ಹೊರಗಿಡುವುದು. ಅಂದರೆ ನಾವು ದುಡ್ಡು ಸುರಿದು ಹಾಲ್‌ನಲ್ಲಿ ಮಾಡಿಸಲು ಹೊರಟಿರುವುದು, ಅಲ್ಲಿನವರು ಅರ್ಧ ದಿನ ಕದ ಮುಚ್ಚಿ ಕತ್ತಲಾಗಿಸಿ ಇಡುತ್ತಿದ್ದ ಜಾಗವನ್ನು.

ಆ ಬಿಳಿಯನ್ನೇ ನೋಡಿ. ಗ್ರೀಸಿನ ಸ್ಯಾಂಟೊರಿನಿ ಇರುವ ಸೈಕ್ಲಡೀಸ್ ದ್ವೀಪಗಳಲ್ಲಿ ಗೋಡೆ ಬೆಳ್ಳಗಾಗಿದ್ದು ಯಾರೋ ಬಣ್ಣದ ಕಾರ್ಡು ಹಿಡಿದು ಯೋಚಿಸಿದ್ದರಿಂದ ಅಲ್ಲ. ಸುಣ್ಣ ಅಗ್ಗ. ಬಿಸಿಲನ್ನು ವಾಪಸ್ ಎಸೆಯುತ್ತದೆ. ಕ್ಷಾರ ಜಾಸ್ತಿ ಇರುವುದರಿಂದ ಬೂಷ್ಟು, ರೋಗಾಣುಗಳಿಗೆ ಆಗಿಬರುವುದಿಲ್ಲ. ಮಳೆ ಕಡಿಮೆ ಇರುವ ಆ ದ್ವೀಪಗಳಲ್ಲಿ ಚಾವಣಿಯ ಮೇಲೆ ಬಿದ್ದ ನೀರನ್ನೇ ತೊಟ್ಟಿಗೆ ಇಳಿಸಿಕೊಳ್ಳಬೇಕಿತ್ತು, ಹಾಗಾಗಿ ಚಾವಣಿಗೂ ಸುಣ್ಣವೇ. ಇನ್ನು ಆ ಪ್ರಸಿದ್ಧ ನೀಲಿ! ಬಟ್ಟೆ ಬೆಳ್ಳಗೆ ಕಾಣಲಿ ಅಂತ ಒಗೆಯುವಾಗ ಹಾಕುತ್ತಿದ್ದ ನೀಲಿ ಪುಡಿ ಅಲ್ಲಿ ಮನೆಮನೆಯಲ್ಲೂ ಇತ್ತು. ಅದಕ್ಕೆ ಲುಲಾಕಿ ಅನ್ನುತ್ತಾರೆ. ಅದನ್ನೇ ಒಂದಿಷ್ಟು ಸುಣ್ಣಕ್ಕೆ ಕಲೆಸಿದರೆ ಬಾಗಿಲಿಗೆ, ಕಿಟಕಿಗೆ ಬಣ್ಣ ಸಿಕ್ಕಿತು. ಇವತ್ತು ಆ ದ್ವೀಪಗಳ ಸುತ್ತಲಿನ ಏಜಿಯನ್ ಸಮುದ್ರದ ಹೆಸರಲ್ಲಿ ‘ಏಜಿಯನ್ ಬ್ಲೂ’ ಅಂತ ಹೆಸರಿಟ್ಟು ಡಬ್ಬಿಯಲ್ಲಿ ಮಾರುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇರುತ್ತಿದ್ದ ಬಣ್ಣ.

ಒಳಗೆ ನಿಜವಾಗಿ ಸುಣ್ಣವನ್ನೇ ಹೊಡೆಸುವವರಿದ್ದರೆ ನನ್ನ ಪೂರ್ತಿ ಬೆಂಬಲ. ಆದರೆ ಅದು ಪೇಂಟ್ ಅಲ್ಲ, ಅದರ ಸ್ವಭಾವವೇ ಬೇರೆ. ಹಾಲಿನಷ್ಟು ತೆಳ್ಳಗೆ ಕಲೆಸಿ, ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ, ಅಗಲ ಬ್ರಷ್ಷಿನಿಂದ ಅಡ್ಡಾದಿಡ್ಡಿ ಎಳೆಯಬೇಕು. ಹಚ್ಚಿದಾಗ ಏನೂ ಕಾಣುವುದೇ ಇಲ್ಲ, ನೀರು ಬಳಿದ ಹಾಗಿರುತ್ತದೆ. ಒಣಗುತ್ತಾ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ, ಆಗ ಬಿಳುಪು ಮೇಲೆ ಬರುತ್ತದೆ. ಎರಡು ಮೂರು ಕೈ ಆದ ಮೇಲೆ ಗೋಡೆ ಹತ್ತಿರದಿಂದ ಮೋಡ ಮೋಡವಾಗಿ ಕಾಣುತ್ತದೆ, ಒಂದು ಕಡೆ ದಟ್ಟ, ಒಂದು ಕಡೆ ತೆಳು, ಬ್ರಷ್ಷು ತಿರುಗಿದ ಜಾಗವೂ ಗೊತ್ತಾಗುತ್ತದೆ. ಆ ಏರುಪೇರೇ ಅದರ ಚೆಂದ. ಪ್ಲಾಸ್ಟಿಕ್ ಎಮಲ್ಷನ್ ಮೇಲೆ ಮಾತ್ರ ಹಾಗೇ ಹೊಡೆಯಬೇಡಿ, ಹಿಡಿಯುವುದಿಲ್ಲ, ಉದುರುತ್ತದೆ. ಒಂದೋ ಹಳೇ ಪೇಂಟ್ ಕೆರೆದು ತೆಗೆಯಬೇಕು, ಇಲ್ಲಾ ಸುಣ್ಣ ಹಿಡಿಯುವಂಥ ಪ್ರೈಮರ್ ಹಚ್ಚಬೇಕು. ಮತ್ತೆ, ನೇರ ಬಿಸಿಲು ಬಾರದ ಕೋಣೆಗೆ ಅಚ್ಚ ಬಿಳಿ ಬೇಡ. ಬಿಸಿಲಿಲ್ಲದ ಬಿಳಿ ಬೂದು ಬೂದಾಗಿ, ಆಸ್ಪತ್ರೆಯ ಕಾರಿಡಾರನ್ನು ನೆನಪಿಸುತ್ತದೆ. ಕೆನೆ ಬಣ್ಣ, ಇಲ್ಲಾ ಚಿಟಿಕೆ ಹಳದಿ ಮಣ್ಣು ಬೆರೆಸಿದ ಬಿಳಿ ಮೇಲು.

ಗೋಡೆಗೇ ಕೂಡಿಸಿ ಕಟ್ಟಿದ ಜಗಲಿ, ಗೋಡೆಯೊಳಗಿನ ಗೂಡು, ಗಾರೆಯ ಮಂಚ, ಇವೂ ಈಗ ಫ್ಯಾಷನ್. ಆ ದ್ವೀಪಗಳಲ್ಲಿ ಮರವೇ ಅಪರೂಪ. ಚಾವಣಿಗೆ ಹಾಕಲು ಉದ್ದ ತೊಲೆ ಸಿಗದ ಕಡೆ ಕಮಾನು ಕಟ್ಟಿದರು. ಬೀರು ಮಾಡಲು ಹಲಗೆ ಇಲ್ಲ, ಗೋಡೆಯಲ್ಲಿ ಗೂಡು ಬಿಟ್ಟರು. ಸ್ಯಾಂಟೊರಿನಿಯಲ್ಲಿ ಇನ್ನೂ ಮುಂದೆ ಹೋಗಿ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ನಿಂತ ಗುಡ್ಡವನ್ನೇ ಕೊರೆದು ಗುಹೆಮನೆ ಮಾಡಿಕೊಂಡರು. ಆ ಬೂದಿಯೂ ಸಾಮಾನ್ಯದ್ದಲ್ಲ. ಸುಣ್ಣದ ಜೊತೆ ಕಲೆಸಿದರೆ ನೀರಿನೊಳಗೂ ಕಲ್ಲಾಗುತ್ತದೆ, 1859ರಿಂದ 1869ರವರೆಗೆ ಸೂಯೆಜ್ ಕಾಲುವೆ ಕಟ್ಟುವಾಗ ಇಲ್ಲಿಂದ ಹಡಗಿನಲ್ಲಿ ಸಾಗಿಸಿದ್ದರು. ಹೀಗೆ, ಮರ ಇಲ್ಲದ್ದಕ್ಕೆ ಕಟ್ಟಿಕೊಂಡ ಕಮಾನನ್ನು ನಾವು ಜಿಪ್ಸಮ್ ಬೋರ್ಡಿನಲ್ಲಿ ಮಾಡಿಸಿ, ಅದರ ಪಕ್ಕದಲ್ಲೇ ಚಾವಣಿಗೆ ಮರದ ತೊಲೆಗಳನ್ನೂ ಹಾಕಿಸುತ್ತೇವೆ. ಒಂದೇ ಕೋಣೆಯಲ್ಲಿ ಮರದ ಬರ, ಮರದ ಸಮೃದ್ಧಿ ಎರಡೂ!

ಆ ತೊಲೆಗಳ ಬಗ್ಗೆ ಇನ್ನೊಂದು ಮಾತು. ಈಗ ಸಿಗುವುದರಲ್ಲಿ ಬಹುಪಾಲು ಪಾಲಿಯುರೆಥೇನ್ ಫೋಮ್. ಒಬ್ಬರೇ ಒಂದು ಕೈಯಲ್ಲಿ ಎತ್ತಿ ಅಂಟು ಹಾಕಿ ಚಾವಣಿಗೆ ಕೂರಿಸಬಹುದು. ಕೆಳಗಿನಿಂದ ಗಂಟು, ಬಿರುಕು, ಹುಳು ತಿಂದ ತೂತು ಎಲ್ಲಾ ಇವೆ. ಏಣಿ ಹತ್ತಿ ಬೆರಳಿನಿಂದ ತಟ್ಟಿದರೆ ಖಾಲಿ ರಟ್ಟಿನ ಪೆಟ್ಟಿಗೆಯ ಸದ್ದು. ಇದಕ್ಕೆ ಈ ಕಾಲವನ್ನು ಬೈಯುವ ಹಾಗೂ ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1920ರ ದಶಕದಲ್ಲಿ ಅಡಿಸನ್ ಮೈಜ್ನರ್ ಅನ್ನುವ ವಾಸ್ತುಶಿಲ್ಪಿ ಪಾಮ್ ಬೀಚಿನ ಶ್ರೀಮಂತರಿಗೆ ಸ್ಪೇನಿನ ಥರದ ಬಂಗಲೆ ಕಟ್ಟಿಕೊಡುತ್ತಿದ್ದ. ಅದಕ್ಕೆ ಬೇಕಾದ ಹೆಂಚು, ಟೈಲ್ಸ್, ಕಬ್ಬಿಣದ ಕೆಲಸ, ಪೀಠೋಪಕರಣ ಮಾಡಲು ತನ್ನದೇ ಕಾರ್ಖಾನೆ ಇಟ್ಟುಕೊಂಡ, ಹೊಸ ಕುರ್ಚಿ ಮೇಜಿಗೆ ಹಳೇ ಕಳೆ ಬರಿಸುವ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಮರದ ಪುಡಿ, ಗಾರೆ ಬೆರೆಸಿ ಅಚ್ಚಿಗೆ ಹಾಕಿ ಕೆತ್ತನೆ ಮರದಂತೆ ಕಾಣುವ ಹಲಗೆ ಮಾಡಿ ಅದಕ್ಕೆ ವುಡೈಟ್ ಅಂತ ಹೆಸರಿಟ್ಟ. ಅಂದರೆ ಫೋಮ್ ತೊಲೆಗೆ ನೂರು ವರ್ಷದ ಮನೆತನವಿದೆ. ಆ ಬಂಗಲೆಗಳು ಈಗ ನಿಜವಾಗಿಯೂ ಹಳತಾಗಿವೆ, ಅವನ್ನು ಜನ ಪರಂಪರೆ ಅಂತ ಕಾಪಾಡುತ್ತಿದ್ದಾರೆ.

ನೆಲದಲ್ಲಿ ಮಾತ್ರ ನಾನು ಇಷ್ಟು ಉದಾರಿ ಅಲ್ಲ. ಸುಟ್ಟ ಮಣ್ಣಿನ ನೆಲ ಅಂದರೆ ಸುಟ್ಟ ಮಣ್ಣೇ ಆಗಬೇಕು. ಫ್ಲಾರೆನ್ಸ್ ಹತ್ತಿರದ ಇಂಪ್ರುನೇಟಾ ಊರು ಶತಮಾನಗಳಿಂದ ಇದಕ್ಕೆ ಹೆಸರುವಾಸಿ. ಆ ಬಿಲ್ಲೆಗಳು ನೀರು ಕುಡಿಯುತ್ತವೆ, ಎಣ್ಣೆ ಬಿದ್ದರೆ ಕಲೆ ಹಿಡಿಯುತ್ತವೆ, ಅದಕ್ಕೇ ಅಗಸೆ ಎಣ್ಣೆ, ಮೇಣ ತಿಕ್ಕುತ್ತಾರೆ. ಒಂದು ಬಿಲ್ಲೆಯ ಹಾಗೆ ಇನ್ನೊಂದಿಲ್ಲ. ಭಟ್ಟಿಯಲ್ಲಿ ಬೆಂಕಿಗೆ ಹತ್ತಿರವಿದ್ದದ್ದು ಒಂದು ಬಣ್ಣ, ದೂರವಿದ್ದದ್ದು ಇನ್ನೊಂದು. ಪ್ರಿಂಟ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಇದನ್ನು ಚೆನ್ನಾಗಿಯೇ ನಕಲು ಮಾಡುತ್ತದೆ, ಆದರೆ ಸ್ವಲ್ಪ ಹೊತ್ತು ಕೂತು ನೋಡಿದರೆ ಅದೇ ಕಲೆ, ಅದೇ ಮಚ್ಚೆ ಐದಾರು ಬಿಲ್ಲೆಗೊಮ್ಮೆ ಮತ್ತೆ ಬರುತ್ತದೆ. ಒಂದು ಸಲ ಕಣ್ಣಿಗೆ ಬಿತ್ತೋ, ಆಮೇಲೆ ನೆಲದ ಮೇಲೆ ಬೇರೇನೂ ಕಾಣುವುದಿಲ್ಲ. ಮೊರಾಕೊದ ಜೆಲ್ಲೀಜ್ ಟೈಲ್ಸ್ ಕೂಡ ಹೀಗೇ, ಕೈಯಲ್ಲಿ ಮಾಡಿ ಸುತ್ತಿಗೆಯಿಂದ ಕೆತ್ತಿದ್ದು. ಒಂದೊಂದೂ ಕೂದಲೆಳೆಯಷ್ಟು ಓರೆ ಇರುವುದರಿಂದ ಬೆಳಕು ಒಂದೊಂದರ ಮೇಲೂ ಬೇರೆ ಬೇರೆ ಥರ ಬೀಳುತ್ತದೆ. ಬೆಲೆ ಜಾಸ್ತಿ. ಒಂದು ಗೂಡಿನ ಹಿಂಬದಿಗೆ ಮಾತ್ರ ಹಾಕಿಸಿದರೂ ಸಾಕು.

ಗಿಡಗಳ ವಿಷಯಕ್ಕೆ ಬಂದರೆ ನಗು ಬರುತ್ತದೆ. ಮೆಡಿಟರೇನಿಯನ್ ಅಂದ ಕೂಡಲೇ ಕಣ್ಣಿಗೆ ಬರುವ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಕಾರ್ಡೊಬಾದ ಅಂಗಳದಲ್ಲಿ ನೇತಾಡುವ ಜೆರೇನಿಯಂ ದಕ್ಷಿಣ ಆಫ್ರಿಕಾದ್ದು. ಪಾಪಾಸುಕಳ್ಳಿ, ಕತ್ತಾಳೆ ಎರಡೂ ಮೆಕ್ಸಿಕೊ ಕಡೆಯವು, ನಿಂಬೆ ಏಷ್ಯಾದ್ದು. ಅಲ್ಲೇ ಹುಟ್ಟಿ ಬೆಳೆದವರು ಅಂದರೆ ಆಲಿವ್, ರೋಸ್‌ಮರಿ, ಲ್ಯಾವೆಂಡರ್, ಕಣಗಲೆ. ಇವರಲ್ಲಿ ಯಾರಿಗೂ ಮನೆಯೊಳಗಿನ ವಾಸ ಒಗ್ಗುವುದಿಲ್ಲ. ಸೋಫಾ ಪಕ್ಕದ ಆಲಿವ್ ಗಿಡಕ್ಕೆ ದಿನಕ್ಕೆ ಗಂಟೆಗಟ್ಟಲೆ ನೇರ ಬಿಸಿಲು ಬೇಕು. ಸಿಗದಿದ್ದರೆ ಎಲೆ ಉದುರಿಸುತ್ತಾ ಹೋಗುತ್ತದೆ, ನೀರು ಕಡಿಮೆಯಾಯಿತೇನೋ ಅಂತ ಮನೆಯವರು ಇನ್ನಷ್ಟು ಹೊಯ್ಯುತ್ತಾರೆ, ಬೇರು ಕೊಳೆತು ಅಲ್ಲಿಗೆ ಮುಗಿಯಿತು. ಕಣಗಲೆ ವಿಷದ ಗಿಡ, ಮಕ್ಕಳಿರುವ ಮನೆಯ ಒಳಗಂತೂ ಬೇಡವೇ ಬೇಡ. ಬಿಸಿಲು ಬರುವ ಕಿಟಕಿಯ ಹೊರಗೆ ಒಂದು ಜೆರೇನಿಯಂ ಇಡಿ. ಅದೂ ವಲಸೆ ಬಂದದ್ದೇ, ಆದರೆ ಎಲ್ಲಿದ್ದರೂ ಹೊಂದಿಕೊಳ್ಳುವ ಜಾತಿ.

ಇಷ್ಟೆಲ್ಲಾ ಮಾಡಿದ ಮೇಲೆ ಎರಡು ವಸ್ತುಗಳು ಬಂದು ಪೂರ್ತಿ ಕೆಲಸ ಕೆಡಿಸುತ್ತವೆ. ಒಂದು, ಬಲ್ಬು. 6500 ಕೆಲ್ವಿನ್ನಿನ ತಣ್ಣನೆ ಬಿಳಿ ಬೆಳಕಿನಲ್ಲಿ ಸುಟ್ಟ ಮಣ್ಣು ಸತ್ತ ಇಟ್ಟಿಗೆಯಾಗುತ್ತದೆ, ಸುಣ್ಣ ನೀಲಿಗಟ್ಟುತ್ತದೆ. 2700 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ತನ್ನಿ, ಅದನ್ನು ಚಾವಣಿಯ ನಡುವೆ ಹಾಕದೆ ಕೆಳಗೆ, ಮೂಲೆಯಲ್ಲಿ, ಗೂಡಿನಲ್ಲಿ ಇಡಿ. ಇಡೀ ಅಲಂಕಾರದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಡುವುದು ಇದೇ. ಇನ್ನೊಂದು, ಟಿವಿ. ಬಿಳಿ ಗೋಡೆಯ ಮೇಲೆ ಅಷ್ಟಗಲದ ಕಪ್ಪು ಚೌಕ. ಅದನ್ನು ಕಮಾನಿನೊಳಗೆ ಕೂರಿಸುವವರಿದ್ದಾರೆ, ಆಗ ಅದು ಗರ್ಭಗುಡಿಯಲ್ಲಿ ಕೂತ ಮೂರ್ತಿ! ಮುಚ್ಚಿಡುವುದಾದರೆ ಆ ಊರುಗಳ ಕಿಟಕಿಗಿರುವ ಪಟ್ಟಿ ಪಟ್ಟಿ ಮರದ ಕದವೇ ಒಳ್ಳೇದು. ಅಲ್ಲಿ ಆ ಕದ ಹಗಲು ಬಿಸಿಲನ್ನು ತಡೆದು ಸಂದಿಯಿಂದ ಗಾಳಿಯನ್ನಷ್ಟೇ ಒಳಗೆ ಬಿಡುತ್ತದೆ, ಸಂಜೆ ತಂಪಾದ ಮೇಲೆ ತೆರೆಯುತ್ತಾರೆ. ಅದನ್ನು ಟಿವಿ ಮೇಲೆ ಹಾಕಿದರೂ ನಡೆಯುವುದು ಹೆಚ್ಚುಕಡಿಮೆ ಹಾಗೇ. ಹಗಲು ಮುಚ್ಚಿ, ಸಂಜೆ ತೆರೆದು.

ನಿಜ ಹೇಳಬೇಕೆಂದರೆ ಈ ಶೈಲಿ ಪೂರ್ತಿಯಾಗಿ ನನಗೆ ಕಾಣುವುದು ಒಂದು ಕುರ್ಚಿಯಲ್ಲಿ. ವಾನ್ ಗಾಫ್ 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಬಿಡಿಸಿದ ಅವನ ಕುರ್ಚಿಯ ಚಿತ್ರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೆಂಪು ಬಿಲ್ಲೆಯ ನೆಲ, ತಿಳಿ ನೀಲಿ ಗೋಡೆ, ಹಳದಿ ಮರದ ಕಾಲು, ಜೊಂಡು ಹುಲ್ಲು ಹೆಣೆದ ಆಸನ, ಅದರ ಮೇಲೆ ಒಂದು ಪೈಪು, ಸ್ವಲ್ಪ ಹೊಗೆಸೊಪ್ಪು. ಹಿಂದೆ ಒಂದು ಪೆಟ್ಟಿಗೆಯಲ್ಲಿ ಈರುಳ್ಳಿ. ಅಲಂಕಾರ ಅಂತ ಒಂದೇ ಒಂದು ವಸ್ತು ಇಲ್ಲ. ಹಾಲ್‌ನಿಂದ ಅರ್ಧ ಸಾಮಾನು ಹೊರಗೆ ಹಾಕಿದರೆ ಮೆಡಿಟರೇನಿಯನ್ ಅಷ್ಟರಮಟ್ಟಿಗೆ ಒಳಗೆ ಬಂದ ಹಾಗೆ, ಅನ್ನಿಸುವುದು ಇದನ್ನು ನೋಡಿದಾಗ.

ಅಂಥ ಕುರ್ಚಿ ಈಗಲೂ ಸಿಗುತ್ತದೆ, ಕೊಳ್ಳಿ. ಆದರೆ ಅದರ ಮೇಲೆ ಒಂದು ಗಂಟೆ ಕೂತು ನೋಡಿ ಆಮೇಲೆ ತೀರ್ಮಾನ ಮಾಡಿ. ಬೆನ್ನು ನೇರ ಕಡ್ಡಿ, ತೊಡೆಯ ಮೇಲೆ ಹುಲ್ಲಿನ ಅಚ್ಚು. ಹಾಗಾಗಿ ಹಳೇ ಸೋಫಾ ಮಾರುವ ಆತುರ ಬೇಡ, ಒರಟು ಹತ್ತಿಯ ಒಂದು ದಪ್ಪ ಬಟ್ಟೆ ಹೊದಿಸಿದರೆ ಅದೂ ಈ ಊರಿನದ್ದೇ ಆಗುತ್ತದೆ. ಬಟ್ಟೆ ಬಿಳಿ ಮಾತ್ರ ಬೇಡ, ಒಗೆಯುವವರು ನೀವೇ ಅಲ್ವಾ.