ಕರಿ ಮೆಹಂದಿ ಅನ್ನೋ ಗಿಡ ಎಲ್ಲೂ ಇಲ್ಲ

ಮದರಂಗಿ ಎಲೆ ಕೂದಲಿಗೆ ಕೊಡುವುದು ಕೆಂಪು. ಅಷ್ಟೇ. ಚಹಾದ ಡಿಕಾಕ್ಷನ್ ಹಾಕಿ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿ, ತಲೆ ಮೇಲೆ ನಾಲ್ಕು ತಾಸು ಬಿಡಿ, ಸ್ವಲ್ಪ ಕಂದು ಕಡೆ ತಿರುಗಬಹುದು, ಆದರೆ ಕಾಡಿಗೆಯಂಥ ಕಪ್ಪು ಬರುವುದಿಲ್ಲ. ಆ ಎಲೆಯಲ್ಲಿರುವ ಲಾಸೋನ್ ಅನ್ನುವ ವಸ್ತುವಿನ ಬಣ್ಣವೇ ಹಾಗೆ. ಇಷ್ಟು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದಿದ್ದರೆ ಹೋದ ವರ್ಷ ನಮ್ಮವ್ವ ನಾಲ್ಕು ದಿನ ಕಣ್ಣು ಬಿಡಲಾಗದೆ ಮಲಗುತ್ತಿರಲಿಲ್ಲ.

ಗದಗಿನಲ್ಲಿ ಅಕ್ಕನ ಮಗಳ ಕುಬಸ ಇತ್ತು. ಹೋಗುವ ಮುಂಚೆ ಅವ್ವ ಓಣಿಯ ಕಿರಾಣಿ ಅಂಗಡಿಯಿಂದ ಕರಿ ಮೆಹಂದಿ ಪಾಕೀಟು ತರಿಸಿದಳು. ಹಸಿರು ಪಾಕೀಟು, ಮೇಲೆ ಎಲೆ ಮತ್ತು ನೆಲ್ಲಿಕಾಯಿ ಚಿತ್ರ, ದೊಡ್ಡದಾಗಿ ‘ಹರ್ಬಲ್’, ಅದರ ಕೆಳಗೆ ‘ಅಮೋನಿಯಾ ಇಲ್ಲ’. ನೀರಲ್ಲಿ ಕಲಸಿ ಹಚ್ಚಿ ಅರ್ಧ ತಾಸಿಗೆ ತೊಳೆದಳು. ಕೂದಲು ಕರ್ರಗೆ ಹೊಳೆಯಿತು. ಮರುದಿನ ಸಂಜೆ ನೆತ್ತಿ ತುರಿಸತೊಡಗಿತು. ಮೂರನೇ ದಿನ ಕಿವಿಯ ಹಿಂದೆ ನೀರುಗುಳ್ಳೆ, ಹಣೆ ಉಬ್ಬಿ ಬಾವು ರೆಪ್ಪೆಗೆ ಇಳಿದು ಎರಡೂ ಕಣ್ಣು ಮುಚ್ಚಿಬಿಟ್ಟವು. ಕುಬಸಕ್ಕೆ ಹೋಗುವುದು ಹಾಗಿರಲಿ, ಬಚ್ಚಲಿಗೆ ಹೋಗಲೂ ನಾನು ಕೈ ಹಿಡಿಯಬೇಕಾಯಿತು.

ಹುಬ್ಬಳ್ಳಿಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ, "ತಲಿಗೆ ಬಣ್ಣ ಹಚ್ಚೀರೇನ್ರಿ ಅಮ್ಮಾರ?"

"ಇಲ್ರೀ ಸರ್, ಬಣ್ಣ ಗಿಣ್ಣ ನಾ ಎಂದೂ ಹಚ್ಚೂದಿಲ್ರೀ. ಬರೇ ಮೆಹಂದಿ."

ಅವ್ವ ಸುಳ್ಳು ಹೇಳಲಿಲ್ಲ. ಪಾಕೀಟಿನ ಮೇಲೆ ಇದ್ದದ್ದನ್ನೇ ಹೇಳಿದಳು. ಆ ಡಾಕ್ಟರು ಇಂಥ ಕೇಸು ಬಹಳ ನೋಡಿದ್ದರಂತೆ, "ಯಾವ ಮೆಹಂದಿ? ಪಾಕೀಟ್ ತಗೊಂಡ್ ಬರ್ರಿ" ಅಂದರು. ಬೇರೆಯವರಾಗಿದ್ದರೆ ಬಣ್ಣ ಹಚ್ಚಿಲ್ಲ ಅಂದಮೇಲೆ ತಿಂದದ್ದೇನು, ಹುಳ ಕಡಿಯಿತೇನು ಅಂತ ಹುಡುಕುತ್ತಾ ಕೂರುತ್ತಿದ್ದರೇನೋ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಕಸದ ಬುಟ್ಟಿಯಿಂದ ಪಾಕೀಟು ತೆಗೆದು ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಾಗ ಸಿಕ್ಕಿತು: ಪ್ಯಾರಾ ಫಿನೈಲಿನ್ ಡೈಅಮೀನ್. ಪಿಪಿಡಿ ಅನ್ನುತ್ತಾರಲ್ಲ, ಅದೇ. ಡಬ್ಬಿಯಲ್ಲಿ ಬರುವ ಎಷ್ಟೋ ಹೇರ್ ಡೈಗಳಲ್ಲಿ ಕಪ್ಪು ಕೊಡುವುದೂ ಅದೇ. ಹಿಂದೆ ನಾಲ್ಕೈದು ಸಲ ಹಚ್ಚಿದಾಗ ಏನೂ ಆಗಿರಲಿಲ್ಲವಲ್ಲ ಅಂತ ಡಾಕ್ಟರನ್ನು ಕೇಳಿದೆ. ಈ ಅಲರ್ಜಿ ಬರುವ ರೀತಿಯೇ ಅದು ಅಂದರು. ಮೊದಲು ಮೈ ಅದರ ಗುರುತು ಇಟ್ಟುಕೊಳ್ಳುತ್ತದೆ, ಮುಂದೊಂದು ಸಲ ಹಚ್ಚಿದಾಗ ತಿರುಗಿ ಬೀಳುತ್ತದೆ.

ಪಿಪಿಡಿ ಹಾಕುವುದು ನಮ್ಮಲ್ಲಿ ಅಪರಾಧ ಅಲ್ಲ. ಆದರೆ ಇಂಥ ಡೈ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಹಾಕಬೇಕು, ಹಚ್ಚುವ ಮುಂಚೆ ಚರ್ಮದ ಮೇಲೆ ಸ್ವಲ್ಪ ಪರೀಕ್ಷೆ ಮಾಡಿ ನೋಡಿ ಅಂತ ತಿಳಿಸಬೇಕು ಅಂತ ನಿಯಮವೇ ಇದೆ. ಕಿವಿಯ ಹಿಂದೆ ಚೂರು ಹಚ್ಚಿ ಕಡಿಮೆಯೆಂದರೂ ಒಂದು ದಿನ, ಸಾಧ್ಯವಾದರೆ ಎರಡು ದಿನ ಕಾಯಬೇಕು. ಆದರೆ ಮೆಹಂದಿ ಅಂದುಕೊಂಡವರು ಯಾಕೆ ಪರೀಕ್ಷೆ ಮಾಡುತ್ತಾರೆ ಹೇಳಿ? ಮದುವೆಯಲ್ಲಿ ಅಂಗೈ ತುಂಬ ಮದರಂಗಿ ಹಚ್ಚಿಕೊಂಡು ಬಂದ ಕೈ ಅದು.

ಇದಾದ ಮೇಲೆ ನನಗೆ ಡಬ್ಬಿಗಳ ಹಿಂಬದಿ ಓದುವ ಹುಚ್ಚು ಹಿಡಿದಿದೆ. ‘ಕೊಬ್ಬರಿಯಿಂದ ಮಾಡಿದ್ದು’ ಅಂತ ಬರೆದ ಶಾಂಪೂ ಇದೆ. ಅದರಲ್ಲಿ ನೊರೆ ಬರಿಸುವ ಸಲ್ಫೇಟ್ ನಿಜಕ್ಕೂ ಕೊಬ್ಬರಿ ಎಣ್ಣೆಯಿಂದಲೋ ತಾಳೆ ಬೀಜದ ಎಣ್ಣೆಯಿಂದಲೋ ಶುರುವಾಗಿರಬಹುದು. ಆದರೆ ಆ ಎಣ್ಣೆಯನ್ನು ಕಾರ್ಖಾನೆಯಲ್ಲಿ ಒಡೆದು, ಆಲ್ಕೋಹಾಲ್ ಮಾಡಿ, ಗಂಧಕದ ಜೊತೆ ಸೇರಿಸಿ, ಕಾಸ್ಟಿಕ್ ಸೋಡಾ ಹಾಕಿ ಮುಗಿಸುವಷ್ಟರಲ್ಲಿ ಅದು ಬೇರೆಯೇ ವಸ್ತು. ಕೆಟ್ಟದ್ದು ಅಂತಲ್ಲ, ಕೊಬ್ಬರಿ ಅಲ್ಲ ಅಷ್ಟೇ. ನೆಲ್ಲಿಕಾಯಿ ಚಿತ್ರದ ತಲೆ ಎಣ್ಣೆ ತಿರುಗಿಸಿದರೆ ಎಷ್ಟೋ ಬಾಟಲಿಗಳಲ್ಲಿ ಮೊದಲ ಹೆಸರೇ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆದದ್ದು. ಅದೂ ಭೂಮಿಯಿಂದಲೇ ಬಂತಲ್ಲ, ನೈಸರ್ಗಿಕ ಯಾಕಲ್ಲ ಅಂತ ಯಾರಾದರೂ ವಾದ ಮಾಡಬಹುದು. ಕೂದಲಿಗೆ ಹೊಳಪನ್ನೂ ಕೊಡುತ್ತದೆ. ಆದರೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನ್ ನಷ್ಟ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲಿನ ಒಳಗೆ ಇಳಿಯುತ್ತದೆ. ಇನ್ನು ‘ಶೇಕಡಾ ಇಷ್ಟು ನೈಸರ್ಗಿಕ’ ಅನ್ನುವ ಲೆಕ್ಕ ಇದೆಯಲ್ಲ, ಐಎಸ್ಒ 16128 ಅನ್ನುವ ಪದ್ಧತಿಯಲ್ಲಿ ಅದರೊಳಗೆ ನೀರನ್ನೂ ಎಣಿಸಬಹುದು. ಶಾಂಪೂವಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದೇ ನೀರು!

ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲ ಅಮೃತ ಅಂತ ನಾನು ಹೇಳುವುದಿಲ್ಲ. ನಾವು ಚಿಕ್ಕವರಿದ್ದಾಗ ಅವ್ವ ಸೀಗೆಕಾಯಿ, ಮೆಂತ್ಯ, ಹೆಸರುಕಾಳು, ಒಣಗಿದ ಲಿಂಬೆ ಸಿಪ್ಪೆ ಎಲ್ಲ ಮಾಳಿಗೆ ಮೇಲೆ ನಾಲ್ಕು ದಿನ ಒಣಗಿಸಿ ಗಿರಣಿಗೆ ಕಳಿಸುತ್ತಿದ್ದಳು. ಗಿರಣಿಯವರು ಜೋಳ, ಗೋಧಿ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಅದನ್ನು ಹಾಕುತ್ತಿದ್ದರು. ಹಾಕಿದ ಕೂಡಲೇ ಅಲ್ಲಿದ್ದವರೆಲ್ಲ ಸೀನುವವರೇ. ಭಾನುವಾರ ತಲೆ ಎರೆಯುವಾಗ ಕಣ್ಣಿಗೆ ಒಂದು ಹನಿ ಬಿದ್ದರೆ ಊರೇ ಕೇಳುವಂತೆ ಅಳುತ್ತಿದ್ದೆವು. ನೊರೆ ಬರುವುದು ಅದರಲ್ಲಿರುವ ಸಪೋನಿನ್‌ನಿಂದ, ಅಂಟುವಾಳದಲ್ಲೂ ಅದೇ ಇರುವುದು. ಕುದಿಸಿದ ನೀರು ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ. ತಿಂಗಳುಗಟ್ಟಲೆ ಬಾಟಲಿಯಲ್ಲಿ ಕೆಡದೆ ಇರಬೇಕಾದರೆ ಪ್ರಿಸರ್ವೇಟಿವ್ ಬೇಕೇ ಬೇಕು. ಅದಕ್ಕೆ ಅದರ ಹೆಸರು ಕಂಡರೆ ನನಗೆ ಭಯ ಇಲ್ಲ. ವಾರದ ದಿನ ನಾನೂ ಶಾಂಪೂನೇ ಹಾಕುವುದು, ಬೆಳಿಗ್ಗೆ ಎಂಟಕ್ಕೆ ಧಾರವಾಡದ ಬಸ್ ಹಿಡಿಯಬೇಕು.

ನೈಸರ್ಗಿಕವೋ ಅಲ್ಲವೋ ಅನ್ನುವ ಜಗಳವನ್ನೇ ನಾನು ಈಗ ಬಿಟ್ಟಿದ್ದೇನೆ. ನಾನು ಕೇಳುವುದು ಇಷ್ಟು: ಒಳಗೆ ಇರುವುದರ ಹೆಸರನ್ನೇ ಮುಂದೆ ಬರೆಯಿರಿ. ಡೈ ಇದ್ದರೆ ಡೈ ಅನ್ನಿ, ನನ್ನ ಅವ್ವ ಓದಬಲ್ಲ ಕನ್ನಡದಲ್ಲಿ, ಕನ್ನಡಕ ಹಾಕಿದರೆ ಕಾಣುವಷ್ಟು ದೊಡ್ಡದಾಗಿ.

ನೀವು ಕೊಳ್ಳುವಾಗ ಒಂದು ಸುಲಭದ ಗುರುತು ಇದೆ. ಎಲೆಯಿಂದಲೇ ಕಪ್ಪು ಬೇಕೆಂದರೆ ಮದರಂಗಿ ಮತ್ತು ನೀಲಿ ಗಿಡದ (ಇಂಡಿಗೋ) ಎಲೆ ಪುಡಿ ಎರಡೂ ಬೇಕು. ಮೊದಲು ಮದರಂಗಿ ಹಚ್ಚಿ ತೊಳೆದು, ಆಮೇಲೆ ನೀಲಿ ಹಚ್ಚಬೇಕು, ಅರ್ಧ ದಿನದ ಕೆಲಸ. ಒಂದೇ ಪಾಕೀಟಿನಲ್ಲಿ, ಒಂದೇ ಸಲಕ್ಕೆ, ಅರ್ಧ ತಾಸಿನಲ್ಲಿ ಕಡುಗಪ್ಪು ಆಗುತ್ತದೆ ಅಂದರೆ ಅಂಗಡಿಯಲ್ಲೇ ನಿಂತು ಹಿಂಬದಿ ಓದಿ. ಈಗಾಗಲೇ ಹಚ್ಚಿ ತುರಿಕೆ ಬಂದಿದ್ದರೆ ಡಾಕ್ಟರ ಹತ್ತಿರ ಪಾಕೀಟು ಸಮೇತ ಹೋಗಿ.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದಂತೆ. ಅವ್ವನ ಬಿಪಿ ಚೀಟಿಗಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಪಿಪಿಡಿ ಆಗಿಬರುವುದಿಲ್ಲ’ ಅಂತ ಬರೆದಿದ್ದೇನೆ. ಅವಳು ಈಗ ಮದರಂಗಿ ಎಲೆಯನ್ನು ತಾನೇ ಅರೆದು ಹಚ್ಚಿಕೊಳ್ಳುತ್ತಾಳೆ, ಕೂದಲು ಕೆಂಪಗಿದೆ.