ಸತ್ಯಾಂಶ: ‘ತನಗೆ ತಾನೇ ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ’ ಬೈಬಲಿನ ಮಾತಲ್ಲ

ಈ ಸಾಲು ‘ಬೈಬಲ್ ವಚನ’ ಎಂದು ಆಗಾಗ ಫಾರ್ವರ್ಡ್ ಆಗುತ್ತದೆ. ಅಮೆರಿಕದ ಸಂಪ್ರದಾಯವಾದಿ ಕ್ರೈಸ್ತ ಮನೆಗಳಲ್ಲಿ, ಬಡವರಿಗೆ ಸರ್ಕಾರ ಕೊಡುವ ನೆರವಿನ ಮಾತು ಬಂದಾಗ, ಊಟದ ಹೊತ್ತಿನಲ್ಲೂ ಇದು ಕೇಳಿಬರುವುದುಂಟು.

ಆದರೆ ಬೈಬಲಿನ ಎರಡು ಭಾಗಗಳಾದ ಹಳೆಯ ಒಡಂಬಡಿಕೆಯಲ್ಲೂ ಇದಿಲ್ಲ, ಹೊಸದರಲ್ಲೂ ಇಲ್ಲ. ಇದೇ ಅರ್ಥದ ಮಾತು ಈಸೋಪನ ಒಂದು ಕಥೆಯಲ್ಲಿದೆ. ಕೆಸರಲ್ಲಿ ಬಂಡಿ ಹೂತುಹೋದವನು ದೇವರನ್ನು ಕೂಗುತ್ತಾನೆ. ‘ಮೊದಲು ಚಕ್ರಕ್ಕೆ ಹೆಗಲು ಕೊಡು’ ಎಂಬ ಉತ್ತರ ಬರುತ್ತದೆ. 1698ರಲ್ಲಿ ಅಚ್ಚಾದ, ಇಂಗ್ಲೆಂಡಿನ ರಾಜಕೀಯ ಚಿಂತಕ ಆಲ್ಜರ್ನನ್ ಸಿಡ್ನಿಯ ಬರಹದಲ್ಲಿ ಈ ಸಾಲಿದೆ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ 1736ರ ಪಂಚಾಂಗದಲ್ಲಿ ಇದನ್ನು ಹಾಕಿದರು.

ಹಾಗಂತ ಬೈಬಲ್ ದುಡಿಮೆಯನ್ನು ಕಡೆಗಣಿಸುತ್ತದೆ ಅಂತಲ್ಲ. ‘ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು’ ಎಂಬ ಅರ್ಥದ ಮಾತು 2 ಥೆಸಲೋನಿಕ 3:10ರಲ್ಲಿದೆ. ಗಮನಿಸಿ, ಅಲ್ಲಿರುವುದು ಮನಸ್ಸಿಲ್ಲದವನ ಮಾತು. ಕೈಲಾಗದವನ ಮಾತಲ್ಲ. ನನಗೆ ಈ ವ್ಯತ್ಯಾಸವೇ ಜಾಸ್ತಿ ಮುಖ್ಯ ಅನಿಸುತ್ತದೆ. ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ‘ನಾವು ಬಲಹೀನರಾಗಿದ್ದಾಗಲೇ’ ಕ್ರಿಸ್ತನು ನಮಗಾಗಿ ಸತ್ತನು ಎಂದು ರೋಮಾಪುರದವರಿಗೆ ಬರೆದ ಪತ್ರ 5:6 ಹೇಳುತ್ತದೆ. ಫಾರ್ವರ್ಡ್ ಆದ ಸಾಲಿಗೆ ಇದು ಹೆಚ್ಚುಕಡಿಮೆ ಎದುರು ದಿಕ್ಕು, ಅಲ್ವಾ?

ಮಕ್ಕಳಿಗೆ ಸ್ವಂತ ದುಡಿಮೆ ಕಲಿಸುವ ತಂದೆತಾಯಿಯ ನಿಲುವು ಇದರಿಂದ ಬಿದ್ದುಹೋಗುವುದಿಲ್ಲ. ನೆರವು ಸರ್ಕಾರದ್ದಾಗಬೇಕೋ, ಕುಟುಂಬ ಮತ್ತು ಚರ್ಚಿನದೋ ಎಂಬ ಚರ್ಚೆಯೂ ಹಾಗೇ ಉಳಿಯುತ್ತದೆ. ಸ್ವಂತ ಮನೆಯವರನ್ನು ನೋಡಿಕೊಳ್ಳಲೇಬೇಕು ಎನ್ನುವವರಿಗೆ 1 ತಿಮೊಥೆಯ 5:8 ಇದೆ. ಅದು ನಿಜಕ್ಕೂ ಬೈಬಲಿನಲ್ಲಿರುವ ವಚನ.